ಹಳೆಯ ದೋಣಿಯ ಔಟ್‌ಬೋರ್ಡ್ ಎಂಜಿನ್: ಕೊಳ್ಳುವ ಮುನ್ನ ನೋಡಬೇಕಾದದ್ದು, ಕೊಂಡ ಮೇಲೆ ಮಾಡಬೇಕಾದದ್ದು

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ದಕ್ಕೆಗಳಲ್ಲಿ ಟ್ರಾಲ್ ಬೋಟುಗಳೂ ಪರ್ಸೀನ್ ಬೋಟುಗಳೂ ಸಾಲಾಗಿ ನಿಲ್ಲುತ್ತವೆ. ಆಗ ಕಡಲಿಗೆ ಇಳಿಯಲು ಅವಕಾಶವಿರುವುದು ಹುಟ್ಟು ಹಾಕುವ ದೋಣಿಗಳಿಗೆ ಮತ್ತು 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ. ಅಂದರೆ ವರ್ಷದಲ್ಲೇ ಕಡಲು ಅತ್ಯಂತ ಒರಟಾಗಿರುವ ಎರಡು ತಿಂಗಳಲ್ಲಿ ಅತ್ಯಂತ ಸಣ್ಣ ದೋಣಿಗಳು ನೀರಿನಲ್ಲಿರುತ್ತವೆ. ಸಿಗಡಿ ಸಿಕ್ಕರೆ ನಾಲ್ಕು ಕಾಸು ಕೂಡುವ ಕಾಲವೂ ಅದೇ.

ಈ ದೋಣಿಗಳಿಗೆ ನಿಜವಾದ ಅಪಾಯ ಆಳ ಕಡಲಿಗಿಂತ ಹೆಚ್ಚಾಗಿ ಅಳಿವೆ ಬಾಗಿಲಿನಲ್ಲಿದೆ. ನದಿ ಕಡಲನ್ನು ಸೇರುವ ಆ ಜಾಗದಲ್ಲಿ ಮರಳ ದಿಬ್ಬದ ಮೇಲೆ ತೆರೆಗಳು ಮುರಿಯುತ್ತವೆ. ಎಂಜಿನ್ ಓಡುತ್ತಿರುವ ತನಕ ದೋಣಿಯ ಮೂತಿ ತೆರೆಗೆ ಎದುರಾಗಿರುತ್ತದೆ. ಎಂಜಿನ್ ನಿಂತರೆ ದೋಣಿ ಅಡ್ಡವಾಗುತ್ತದೆ, ಮುಂದಿನ ತೆರೆಗೆ ಮಗುಚುತ್ತದೆ. ಹೀಗಾಗಿ ಔಟ್‌ಬೋರ್ಡ್ ಎಂಜಿನಿನ ಆರೈಕೆ ಎಂಬುದು ರಿಪೇರಿ ಖರ್ಚು ಉಳಿಸುವ ವಿಷಯ ಮಾತ್ರವಲ್ಲ, ಅದು ಮನೆಯವರ ಜೀವದ ವಿಷಯ.

ಸಮಾಧಾನದ ಸಂಗತಿಯೆಂದರೆ, ಕಡಲಿನಲ್ಲಿ ಎಂಜಿನ್ ನಿಲ್ಲುವುದಕ್ಕೆ ಕಾರಣ ಹೆಚ್ಚಿನ ಸಲ ದೊಡ್ಡ ದೋಷವಲ್ಲ. ಇಂಧನದಲ್ಲಿ ಸೇರಿದ ನೀರು, ಒಳಗೆ ಕಟ್ಟಿದ ಉಪ್ಪು, ಸವೆದ ರಬ್ಬರು, ಮಸಿ ಹಿಡಿದ ಪ್ಲಗ್. ಇವೆಲ್ಲವನ್ನೂ ದಡದಲ್ಲಿಯೇ, ಮೆಕ್ಯಾನಿಕ್ ಇಲ್ಲದೆಯೇ ಪರಿಶೀಲಿಸಬಹುದು. ಹೊಸ ಎಂಜಿನ್ ಕೊಳ್ಳುವ ಶಕ್ತಿಯಿಲ್ಲದೆ ಹಳೆಯ ದೋಣಿಯನ್ನು ಎಂಜಿನ್ ಸಮೇತ ಕೊಳ್ಳುವ ನಮ್ಮ ಕುಟುಂಬಗಳಿಗೆ ಈ ಮಾಹಿತಿ ಉಪಯೋಗವಾಗಲಿ ಎಂದು ಇಲ್ಲಿ ಕೊಡಲಾಗಿದೆ.

ಎಂಜಿನ್ ಕೆಲಸ ಮಾಡುವ ಬಗೆ

ದೋಣಿಯ ಹಿಂಬದಿಗೆ ತೂಗುಹಾಕುವ ಎಂಜಿನನ್ನು ವ್ಯಾಪಾರಕ್ಕೆ ಒಗ್ಗುವಂತೆ ಮಾಡಿ 1909ರಲ್ಲಿ ತಯಾರಿಸಲು ತೊಡಗಿದವರು ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್. ಅಂದಿನಿಂದ ಇಂದಿನ ತನಕ ಅದರ ಮೂಲರಚನೆ ಹೆಚ್ಚು ಬದಲಾಗಿಲ್ಲ. ಮೇಲೆ ತಲೆ, ಅದರಲ್ಲಿ ಸಿಲಿಂಡರ್, ಕಾರ್ಬ್ಯುರೇಟರ್, ಪ್ಲಗ್. ನಡುವೆ ಉದ್ದನೆಯ ಕಾಲು. ಕೆಳಗೆ ಗೇರು ಮತ್ತು ಪ್ರೊಪೆಲ್ಲರ್, ನಮ್ಮವರ ಮಾತಿನಲ್ಲಿ ಫ್ಯಾನು.

ನಮ್ಮ ನಾಡದೋಣಿಗಳಲ್ಲಿ ಯಮಹಾ, ಸುಜುಕಿ, ಟೊಹಾಟ್ಸು ಮುಂತಾದ ಟೂ ಸ್ಟ್ರೋಕ್ ಎಂಜಿನ್‌ಗಳು ಹೆಚ್ಚು. ಇವುಗಳಲ್ಲಿ ಹಲವು ಸೀಮೆಎಣ್ಣೆಯವು. ಪೆಟ್ರೋಲ್‌ನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲ್‌ಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಇದನ್ನು ಮರೆತರೆ ಕಾರ್ಬ್ಯುರೇಟರ್‌ನಲ್ಲಿ ಸೀಮೆಎಣ್ಣೆ ಉಳಿದು, ತಣ್ಣಗಾದ ಎಂಜಿನ್ ಮರುದಿನ ಬೆಳಿಗ್ಗೆ ಎಷ್ಟು ಎಳೆದರೂ ಹಿಡಿಯುವುದಿಲ್ಲ.

ಎಂಜಿನನ್ನು ತಣ್ಣಗಿಡುವುದು ಕಡಲಿನ ನೀರೇ. ಕಾಲಿನ ಕೆಳಭಾಗದಲ್ಲಿರುವ ಇಂಪೆಲ್ಲರ್ ಎಂಬ ರಬ್ಬರ್ ಚಕ್ರ ನೀರನ್ನು ಮೇಲಕ್ಕೆ ತಳ್ಳುತ್ತದೆ. ಅದರಲ್ಲಿ ಸ್ವಲ್ಪ ನೀರು ತಲೆಯ ಹಿಂಬದಿಯ ಸಣ್ಣ ತೂತಿನಿಂದ ಧಾರೆಯಾಗಿ ಹೊರಗೆ ಚಿಮ್ಮುತ್ತದೆ. ಈ ಧಾರೆಯೇ ಎಂಜಿನಿನ ನಾಡಿ. ಅದು ಬಲವಾಗಿದ್ದರೆ ಒಳಗೆ ನೀರು ಹರಿಯುತ್ತಿದೆ, ನಿಂತರೆ ಎಂಜಿನನ್ನೂ ಕೂಡಲೇ ನಿಲ್ಲಿಸಬೇಕು.

ಹಣ ಕೊಡುವ ಮುನ್ನ

ಹಳೆಯ ದೋಣಿ ನೋಡಲು ಹೋಗುವಾಗ ಎಂಜಿನ್ ತಣ್ಣಗಿರುವಾಗಲೇ ತಲುಪಬೇಕು. ಮೊದಲು ತಲೆಯನ್ನು ಕೈಯಿಂದ ಮುಟ್ಟಿ ನೋಡಿ. ಬಿಸಿಯಿದ್ದರೆ ಮಾರುವವರು ಮೊದಲೇ ಓಡಿಸಿಟ್ಟಿದ್ದಾರೆ ಎಂದರ್ಥ. ಹಳೆಯ ಎಂಜಿನಿನ ನಿಜವಾದ ಪರೀಕ್ಷೆ ತಣ್ಣಗಿನ ಶುರುವಿನಲ್ಲಿದೆ.

ಎರಡನೆಯದಾಗಿ, ಗೇರಿನ ಎಣ್ಣೆ. ಕೆಳಗಿನ ತಿರುಪನ್ನು ಸ್ವಲ್ಪ ಸಡಿಲಿಸಿ ನಾಲ್ಕು ಹನಿ ಹೊರಗೆ ತೆಗೆಯಿರಿ. ಎಣ್ಣೆ ಹಾಲು ಹಾಕಿದ ಕಾಫಿಯಂತೆ ಕಂಡರೆ ಸೀಲ್ ಹೋಗಿ ನೀರು ಸೇರಿದೆ. ಕಬ್ಬಿಣದ ಚೂರುಗಳು ಹೊಳೆದರೆ ಗೇರು ಸವೆಯುತ್ತಿದೆ. ಇವೆರಡೂ ಇದ್ದರೆ ಬೆಲೆಯನ್ನು ಮರಳಿ ಮಾತಾಡಬೇಕು, ಇಲ್ಲವೇ ಬಿಟ್ಟು ಬರಬೇಕು.

ಮೂರನೆಯದಾಗಿ, ಸಿಲಿಂಡರಿನ ಒತ್ತಡ. ಪರಿಚಯದ ಮೆಕ್ಯಾನಿಕ್‌ನಿಂದ ಕಂಪ್ರೆಶನ್ ಅಳೆಸಿ. ಎರಡು ಸಿಲಿಂಡರ್ ಇದ್ದರೆ ಅಳತೆಯ ಅಂಕಿಗಿಂತಲೂ ಎರಡರ ನಡುವಿನ ವ್ಯತ್ಯಾಸ ಮುಖ್ಯ. ಶೇಕಡಾ 10ರಿಂದ 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದರ ರಿಂಗ್ ಅಥವಾ ಪಿಸ್ಟನ್ ಸವೆದಿದೆ.

ನಾಲ್ಕನೆಯದಾಗಿ, ಎಂಜಿನ್ ಕಟ್ಟುವ ಹಿಂಬದಿಯ ಹಲಗೆ. ಹೊರಗೆ ಫೈಬರ್ ಹೊಳೆಯುತ್ತಿದ್ದರೂ ಒಳಗಿನ ಮರ ಕೊಳೆತಿರಬಹುದು. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ಸದ್ದು ಬಂದರೆ ಸರಿ, ಮಂಕು ಸದ್ದು ಬಂದ ಜಾಗದಲ್ಲಿ ಮರ ಮೆತ್ತಗಾಗಿದೆ. ಹಲಗೆಯ ಎತ್ತರಕ್ಕೂ ಎಂಜಿನಿನ ಕಾಲಿನ ಉದ್ದಕ್ಕೂ ಹೊಂದಾಣಿಕೆ ಬೇಕು. ಸಾಮಾನ್ಯವಾಗಿ ಗಿಡ್ಡ ಕಾಲು 15 ಇಂಚಿನ ಹಲಗೆಗೆ, ಉದ್ದ ಕಾಲು 20 ಇಂಚಿನ ಹಲಗೆಗೆ. ಗಿಡ್ಡ ಕಾಲನ್ನು ಎತ್ತರದ ಹಲಗೆಗೆ ಕಟ್ಟಿದರೆ ತೆರೆ ಏರುವಾಗ ಫ್ಯಾನು ಗಾಳಿಯಲ್ಲಿ ತಿರುಗುತ್ತದೆ.

ಕಾಲಿನ ಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆಂದು ಕೇಳಿ. ಒಡೆದು ವೆಲ್ಡಿಂಗ್ ಮಾಡಿದ್ದನ್ನು ಬಣ್ಣ ಮುಚ್ಚಬಲ್ಲದು.

ಕೊನೆಯದಾಗಿ ಕಾಗದಪತ್ರ. ಎಂಜಿನಿನ ಮೇಲಿನ ನಂಬರು ಬಿಲ್ಲಿನ ನಂಬರಿಗೆ ತಾಳೆಯಾಗಬೇಕು. ದೋಣಿಯ ನೋಂದಣಿ ಮತ್ತು ಪರವಾನಗಿಯನ್ನು ಮೀನುಗಾರಿಕೆ ಇಲಾಖೆಯಲ್ಲಿ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಸಹಾಯಧನದಲ್ಲಿ ಕೊಂಡ ಎಂಜಿನ್ ಆಗಿದ್ದರೆ ಮಾರಾಟದ ಷರತ್ತುಗಳನ್ನು ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ರಿಯಾಯಿತಿ ದರದ ಸೀಮೆಎಣ್ಣೆ ಬೇಕಾದಾಗ ಸಿಗದಿರುವುದು ನಮ್ಮ ಕರಾವಳಿಯ ಹಳೆಯ ಕೊರಗು. ಸೀಮೆಎಣ್ಣೆ ಎಂಜಿನ್‌ಗಳನ್ನು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗಳಿಗೆ ಬದಲಿಸಲು ತಲಾ 50,000 ರೂಪಾಯಿ ಸಹಾಯಧನವನ್ನು ರಾಜ್ಯ ಸರಕಾರ 2023-24ರ ಬಜೆಟ್‌ನಲ್ಲಿ ಘೋಷಿಸಿತ್ತು. ಹಳೆಯ ಸೀಮೆಎಣ್ಣೆ ಎಂಜಿನಿಗೆ ಹಣ ಸುರಿಯುವ ಮುನ್ನ ಇಂತಹ ಯೋಜನೆಯಲ್ಲಿ ಅವಕಾಶವಿದೆಯೇ ಎಂದು ಕೇಳಿ ನೋಡುವುದು ಒಳ್ಳೆಯದು.

ಉಪ್ಪುನೀರು, ಸಿಹಿನೀರು

ತುಂಗಭದ್ರೆಯ ದಡದ ಮೈಲಾರ, ಹೂವಿನಹಡಗಲಿಯ ಕಡೆ ನದಿಗಿಳಿಯಲು ಹರಿಗೋಲು ಮತ್ತು ಹುಟ್ಟು ಸಾಕು. ಒಳನಾಡಿನ ಜಲಾಶಯಗಳಲ್ಲಿ ಎಂಜಿನ್ ಬಳಸಿದರೂ ಅದಕ್ಕೆ ಕಾಟ ಕೊಡುವುದು ಮಣ್ಣು ಮತ್ತು ಮರಳು. ಅವು ಇಂಪೆಲ್ಲರನ್ನು ಸವೆಸುತ್ತವೆ. ಆದ್ದರಿಂದ ಒಳನಾಡಿನಿಂದ ಬಂದ ಎಂಜಿನ್ ತುಕ್ಕಿಲ್ಲದೆ ಚೆಂದ ಕಂಡರೂ ಕಡಲಿಗೆ ಇಳಿಸುವ ಮುನ್ನ ಇಂಪೆಲ್ಲರ್ ಬದಲಿಸಬೇಕು.

ಕಡಲಿನಲ್ಲಿ ಶತ್ರು ಉಪ್ಪು. ಎಂಜಿನ್ ನಿಂತ ಮೇಲೆ ಒಳಗಿನ ನೀರು ಆರಿ ಉಪ್ಪಿನ ಹರಳು ಉಳಿಯುತ್ತದೆ. ದಿನದಿಂದ ದಿನಕ್ಕೆ ಅದು ನೀರಿನ ದಾರಿಯನ್ನು ಕಿರಿದಾಗಿಸುತ್ತದೆ. ಜೊತೆಗೆ ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಟ್ಟಿಗಿದ್ದಾಗ ಅಲ್ಯೂಮಿನಿಯಂ ಕರಗತೊಡಗುತ್ತದೆ. ಅದನ್ನು ತಡೆಯಲೆಂದೇ ಕಾಲಿನ ಕೆಳಗೆ ಆನೋಡ್ ಎಂಬ ಲೋಹದ ತುಂಡನ್ನು, ಹೆಚ್ಚಾಗಿ ಸತುವಿನದನ್ನು, ಇಟ್ಟಿರುತ್ತಾರೆ. ಎಂಜಿನಿನ ಬದಲು ಅದು ಕರಗುತ್ತದೆ. ಅರ್ಧ ಕರಗಿದ ಕೂಡಲೇ ಬದಲಿಸಿ. ಅದರ ಮೇಲೆ ಎಂದಿಗೂ ಬಣ್ಣ ಬಳಿಯಬೇಡಿ, ಬಳಿದರೆ ಅದು ಇದ್ದೂ ಇಲ್ಲದಂತೆ.

ದಿನದ ಆರೈಕೆ

ಕಡಲಿನಿಂದ ಮರಳಿದ ಮೇಲೆ ಎಂಜಿನಿಗೆ ಸಿಹಿನೀರು ಕುಡಿಸುವುದು ಎಲ್ಲಕ್ಕಿಂತ ಮುಖ್ಯ. 200 ಲೀಟರಿನ ಡ್ರಮ್ಮಿನಲ್ಲಿ ಬಾವಿ ನೀರು ತುಂಬಿ, ಫ್ಯಾನಿನ ಮೇಲಿರುವ ಅಗಲ ತಟ್ಟೆ ಮುಳುಗುವಷ್ಟು ಕಾಲನ್ನು ಇಳಿಸಿ, ನ್ಯೂಟ್ರಲ್‌ನಲ್ಲಿ ಸುಮಾರು 10 ನಿಮಿಷ ನಿಧಾನವಾಗಿ ಓಡಿಸಿ. ಆಗ ಮಕ್ಕಳು ಹತ್ತಿರ ಇರಬಾರದು. ನೀರಿಲ್ಲದೆ ಕೆಲವೇ ಕ್ಷಣ ಓಡಿಸಿದರೂ ಇಂಪೆಲ್ಲರಿನ ರಬ್ಬರು ಸುಟ್ಟುಹೋಗುತ್ತದೆ ಎಂಬುದು ನೆನಪಿರಲಿ.

ನಂತರ ಹೊರಗಿನ ಉಪ್ಪನ್ನು ತೊಳೆದು, ಮುಚ್ಚಳ ತೆಗೆದು ಒಣಬಟ್ಟೆಯಿಂದ ಒರೆಸಿ, ತುಕ್ಕು ತಡೆಯುವ ಎಣ್ಣೆಯನ್ನು ತೆಳುವಾಗಿ ಸಿಂಪಡಿಸಿ. ಮುಚ್ಚಳದ ಒಳಗೆ ಪೈಪಿನಿಂದ ನೀರು ಬಿಡಬೇಡಿ, ವಿದ್ಯುತ್ ಭಾಗಗಳು ಹಾಳಾಗುತ್ತವೆ. ಎಂಜಿನನ್ನು ನಿಲ್ಲಿಸಿಯೇ ಇಡಿ, ಇಲ್ಲವೇ ತಲೆ ಎತ್ತರದಲ್ಲಿರುವಂತೆ ಒರಗಿಸಿ. ತಲೆಯನ್ನು ಕೆಳಗೆ ಮಾಡಿದರೆ ಕಾಲಿನಲ್ಲಿ ಉಳಿದ ನೀರು ಸಿಲಿಂಡರಿಗೆ ಇಳಿಯುತ್ತದೆ.

ಇಂಧನ

ಟೂ ಸ್ಟ್ರೋಕ್ ಎಂಜಿನಿಗೆ ಇಂಧನದಲ್ಲೇ ಎಣ್ಣೆ ಬೆರೆಸಬೇಕು. ಪ್ರಮಾಣ ಎಂಜಿನಿನ ಕೈಪಿಡಿಯಲ್ಲಿ ಇರುತ್ತದೆ. 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಕಣ್ಣಂದಾಜು ಬೇಡ, ಅಳತೆಯ ಲೋಟ ಇಟ್ಟುಕೊಳ್ಳಿ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ ಮಸಿಯಾಗುತ್ತದೆ. ಬೈಕಿನ ಎಣ್ಣೆಯ ಬದಲು ಟಿಸಿ-ಡಬ್ಲ್ಯು3 ಎಂದು ಬರೆದಿರುವ ಔಟ್‌ಬೋರ್ಡ್ ಎಣ್ಣೆಯನ್ನೇ ಬಳಸಿ. ಫೋರ್ ಸ್ಟ್ರೋಕ್ ಎಂಜಿನಿಗೆ ಎಣ್ಣೆ ಬೆರೆಸುವಂತಿಲ್ಲ, ಅದರ ಎಣ್ಣೆಯನ್ನು ಬೇರೆಯಾಗಿ ಹಾಕಿ ಪ್ರತಿ ದಿನ ಮಟ್ಟ ನೋಡಬೇಕು. ಪೆಟ್ರೋಲ್‌ಗೆಂದೇ ಮಾಡಿದ ಎಂಜಿನಿಗೆ ಸೀಮೆಎಣ್ಣೆ ಹಾಕಿದರೆ ಒಳಗೆ ಬಡಿತ ಶುರುವಾಗಿ ಪಿಸ್ಟನ್ ಹಾಳಾಗುತ್ತದೆ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರ ತನಕ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದ ಕರಾವಳಿಯಲ್ಲಿ ತೇವಕ್ಕೆ ಕೊರತೆಯಿಲ್ಲ. ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ. ಎಂಜಿನ್ ಇಂಧನ ಎಳೆಯುವುದೂ ತಳದಿಂದಲೇ. ಹಳೆಯ ಎಂಜಿನ್‌ಗಳ ರಬ್ಬರ್ ಪೈಪು, ವಾಶರ್‌ಗಳು ಎಥನಾಲಿಗೆ ಉಬ್ಬಿ ಬಿರುಕು ಬಿಡುವುದೂ ಉಂಟು. ಹಾಗಾಗಿ ಒಂದೆರಡು ದಿನಕ್ಕೆ ಬೇಕಾಗುವಷ್ಟು ಮಾತ್ರ ತನ್ನಿ. ವಾರಗಟ್ಟಲೆ ನಿಂತ ಪೆಟ್ರೋಲನ್ನು ಕಡಲಿಗೆ ಒಯ್ಯಬೇಡಿ.

ಪರೀಕ್ಷೆ ಬಹಳ ಸುಲಭ. ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಬಾಟಲಿಗೆ ತೆಗೆದು 10 ನಿಮಿಷ ಅಲುಗಾಡಿಸದೆ ಇಡಿ. ಕೆಳಗೆ ಬೇರೆ ಪದರ ಕಂಡರೆ ಆ ಇಂಧನ ಬೇಡ.

ತಿಂಗಳಿಗೊಮ್ಮೆ

ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬಿಸ್ಕತ್ತಿನ ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಕಪ್ಪಾಗಿ ಜಿಡ್ಡಾಗಿದ್ದರೆ ಎಣ್ಣೆ ಅಥವಾ ಇಂಧನ ಹೆಚ್ಚಾಗಿದೆ. ಬಿಳಿಚಿಕೊಂಡಿದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ, ಇದು ಹೆಚ್ಚು ಅಪಾಯದ ಗುರುತು. ಸೀಮೆಎಣ್ಣೆಯ ಎಂಜಿನಿನ ಒಳಗೆ ಮಸಿ ಬೇಗ ಕಟ್ಟುವುದರಿಂದ ಪ್ಲಗ್ಗನ್ನು ಇನ್ನೂ ಬೇಗ ಬೇಗ ನೋಡಬೇಕು.

ಫ್ಯಾನು ಬಿಚ್ಚಿ ಅದರ ದಂಡಕ್ಕೆ ಸುತ್ತಿದ ಬಲೆಯ ನೂಲನ್ನು ತೆಗೆಯಿರಿ. ನೈಲಾನ್ ನೂಲು ಕಣ್ಣಿಗೆ ಕಾಣದಂತೆ ಒಳಸೇರಿ ಸೀಲನ್ನು ಕತ್ತರಿಸುತ್ತದೆ. ಗೇರಿಗೆ ನೀರು ಸೇರುವುದು ಹಲವು ಸಲ ಹೀಗೆಯೇ. ಫ್ಯಾನನ್ನು ಮರಳಿ ಹಾಕುವಾಗ ದಂಡಕ್ಕೆ ಗ್ರೀಸ್ ಹಚ್ಚಿ. ಗೇರಿನ ಎಣ್ಣೆಯನ್ನು ಸುಮಾರು 100 ಗಂಟೆ ಓಡಿದ ಮೇಲೆ ಬದಲಿಸಿ. ಇಂಪೆಲ್ಲರನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ ಬದಲಿಸಿ. ಎಳೆಯುವ ಹಗ್ಗ ಎಲ್ಲಿಯಾದರೂ ನಾರು ಬಿಟ್ಟಿದ್ದರೆ ದಡದಲ್ಲೇ ಬದಲಿಸಿ, ಅದು ತುಂಡಾಗುವುದು ಜೋರಾಗಿ ಎಳೆದಾಗಲೇ. ಹಲಗೆಗೆ ಬಿಗಿಯುವ ತಿರುಪುಗಳನ್ನು ಪ್ರತಿ ಸಲ ನೋಡಿ, ಎಂಜಿನನ್ನು ದೋಣಿಗೆ ಬೇರೊಂದು ಗಟ್ಟಿ ಹಗ್ಗದಿಂದಲೂ ಕಟ್ಟಿ.

ಕಡಲಿನಲ್ಲಿ ಎಂಜಿನ್ ನಿಂತರೆ

ಎಂಜಿನ್ ನಿಂತ ಕೂಡಲೇ ಹಗ್ಗ ಎಳೆಯಲು ಹೋಗಬೇಡಿ. ಮೊದಲು ಲಂಗರು ಇಳಿಸಿ, ದೋಣಿಯ ಮೂತಿ ತೆರೆಗೆ ಎದುರಾಗಿ ನಿಲ್ಲಲಿ. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಳ್ಳಲಿ. ಆಮೇಲೆ ಸುಲಭದ್ದರಿಂದ ಕಷ್ಟದ್ದಕ್ಕೆ ಕ್ರಮವಾಗಿ ನೋಡುತ್ತಾ ಹೋಗಿ.

ಶುರುವಾಗದೇ ಇದ್ದರೆ: ಸ್ಟಾಪ್ ಸ್ವಿಚ್ಚಿನ ಕ್ಲಿಪ್ ಕಳಚಿದೆಯೇ? ಗೇರು ನ್ಯೂಟ್ರಲ್‌ನಲ್ಲಿದೆಯೇ? ಟ್ಯಾಂಕಿನ ಮುಚ್ಚಳದ ಗಾಳಿಯ ತಿರುಪು ತೆರೆದಿದೆಯೇ? ಪೈಪು ಎರಡೂ ಕಡೆ ಕೂತಿದೆಯೇ? ರಬ್ಬರ್ ಬಲ್ಬನ್ನು ಹಿಸುಕಿ ಗಟ್ಟಿಯಾಗುವ ತನಕ ತುಂಬಿಸಿ. ಇಷ್ಟಾದ ಮೇಲೂ ಹಿಡಿಯದಿದ್ದರೆ ಪ್ಲಗ್ ಬಿಚ್ಚಿ. ಒದ್ದೆಯಿದ್ದರೆ ಇಂಧನ ಹೆಚ್ಚಾಗಿದೆ. ಪೈಪು ಕಳಚಿ, ಚೋಕ್ ತೆಗೆದು, ಪ್ಲಗ್ ಇಲ್ಲದೆ ಹಲವು ಸಲ ಎಳೆದು, ಒಣಗಿಸಿದ ಅಥವಾ ಹೊಸ ಪ್ಲಗ್ ಹಾಕಿ. ಹಾಗೆ ಎಳೆಯುವಾಗ ಸ್ಟಾಪ್ ಸ್ವಿಚ್ಚಿನ ಕ್ಲಿಪ್ ಕಳಚಿರಲಿ. ಪ್ಲಗ್ ಒಣಗಿಯೇ ಇದ್ದರೆ ಇಂಧನ ತಲುಪುತ್ತಿಲ್ಲ, ಫಿಲ್ಟರ್ ನೋಡಿ. ಪೆಟ್ರೋಲ್ ಹಬೆ ಇರುವಲ್ಲಿ ಕಿಡಿ ಪರೀಕ್ಷೆ ಮಾಡುವುದು, ಬೀಡಿ ಸೇದುವುದು ಬೇಡವೇ ಬೇಡ.

ಶುರುವಾಗಿ ಸ್ವಲ್ಪದರಲ್ಲೇ ನಿಂತರೆ: ಮತ್ತೆ ಗಾಳಿಯ ತಿರುಪನ್ನೇ ನೋಡಿ. ಅದು ಮುಚ್ಚಿದ್ದರೆ ಟ್ಯಾಂಕಿನೊಳಗೆ ಗಾಳಿಯಿಲ್ಲದೆ ಇಂಧನ ಬರುವುದಿಲ್ಲ. ಬಲ್ಬ್ ಹಿಸುಕುತ್ತಿದ್ದರೆ ಮಾತ್ರ ಎಂಜಿನ್ ಓಡುತ್ತದೆ ಎಂದಾದರೆ ಇಂಧನದ ಪಂಪು ಅಥವಾ ಪೈಪಿನಲ್ಲಿ ದೋಷವಿದೆ. ಒಬ್ಬರು ಹಿಸುಕುತ್ತಾ ದಡ ಸೇರಬಹುದು.

ನೀರಿನ ಧಾರೆ ನಿಂತರೆ: ಎಂಜಿನ್ ನಿಲ್ಲಿಸಿ, ಕಾಲು ಎತ್ತಿ, ನೀರು ಎಳೆಯುವ ಜಾಲರಿಗೆ ಪ್ಲಾಸ್ಟಿಕ್ ಚೀಲ ಅಂಟಿದೆಯೇ ನೋಡಿ. ಧಾರೆ ಬರುವ ತೂತಿಗೆ ತೆಳುವಾದ ತಂತಿ ಹಾಕಿ ಉಪ್ಪು ಬಿಡಿಸಿ. ಎಂಜಿನ್ ತಣ್ಣಗಾಗುವ ತನಕ ಮತ್ತೆ ಶುರು ಮಾಡಬೇಡಿ.

ಎಂಜಿನ್ ಓಡುತ್ತಿದ್ದು ದೋಣಿ ಸಾಗದಿದ್ದರೆ: ಫ್ಯಾನಿನ ಪಿನ್ನು ತುಂಡಾಗಿರಬಹುದು ಇಲ್ಲವೇ ಒಳಗಿನ ರಬ್ಬರು ಜಾರುತ್ತಿರಬಹುದು. ಪಿನ್ನು ಇರುವ ಎಂಜಿನಾದರೆ ಬದಲಿ ಪಿನ್ನು ಹಾಕಿ. ಅದರ ಬದಲು ಮೊಳೆ ಹೊಡೆಯಬೇಡಿ. ಫ್ಯಾನು ಕಲ್ಲಿಗೆ ತಾಗಿದಾಗ ತಾನು ಮುರಿದು ಗೇರನ್ನು ಉಳಿಸುವುದೇ ಆ ಪಿನ್ನಿನ ಕೆಲಸ. ರಬ್ಬರು ಜಾರುತ್ತಿದ್ದರೆ ನಿಧಾನ ವೇಗದಲ್ಲಿ ದಡಕ್ಕೆ ಬನ್ನಿ.

ಅರ್ಧ ಗಂಟೆಯಲ್ಲಿ ಸರಿಯಾಗದಿದ್ದರೆ, ಅಥವಾ ಲಂಗರು ಕಚ್ಚದೆ ದೋಣಿ ಅಳಿವೆಯ ಕಡೆ ಜಾರುತ್ತಿದ್ದರೆ, ಮರ್ಯಾದೆಯ ಯೋಚನೆ ಬಿಟ್ಟು ಸಹಾಯಕ್ಕೆ ಕರೆಯಿರಿ. ಕರಾವಳಿ ಕಾವಲು ಪಡೆಯ ತುರ್ತು ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದ್ದು 1093.

ಎಂಜಿನ್ ನೀರಿಗೆ ಬಿದ್ದರೆ

ಮೇಲೆತ್ತಿದ ಎಂಜಿನನ್ನು ಬಿಸಿಲಿಗೆ ಒಣಗಲು ಇಡುವುದು ತಪ್ಪು. ಗಾಳಿ ತಾಗಿದೊಡನೆ ತುಕ್ಕು ಶುರುವಾಗುತ್ತದೆ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಪ್ಲಗ್ ಬಿಚ್ಚಿ, ಒಳಗಿನ ನೀರನ್ನು ಬಸಿದು, ಸಿಲಿಂಡರಿಗೆ ಎಣ್ಣೆ ಹಾಕಿ ನಿಧಾನವಾಗಿ ತಿರುಗಿಸಿ. ಕಾರ್ಬ್ಯುರೇಟರ್ ಬಿಚ್ಚಿ ಶುಚಿ ಮಾಡಿ, ಅದೇ ದಿನ ಓಡಿಸಬೇಕು. ಮೆಕ್ಯಾನಿಕ್ ಸಿಗದಿದ್ದರೆ ಅವರು ಬರುವ ತನಕ ಎಂಜಿನನ್ನು ಸಿಹಿನೀರಿನ ಡ್ರಮ್ಮಿನಲ್ಲೇ ಮುಳುಗಿಸಿಡಿ. ತಿರುಗಿಸುವಾಗ ಎಲ್ಲಿಯಾದರೂ ಬಿಗಿಯಾದರೆ ಬಲವಂತ ಮಾಡಬೇಡಿ. ಓಡುತ್ತಿರುವಾಗಲೇ ಬಿದ್ದ ಎಂಜಿನಿನ ಒಳಗಿನ ರಾಡು ಬಗ್ಗಿರಬಹುದು.

ದೋಣಿಯಲ್ಲಿ ಸದಾ ಇರಬೇಕಾದದ್ದು

ಎರಡು ಹೊಸ ಪ್ಲಗ್ ಮತ್ತು ಪ್ಲಗ್ ಪಾನೆ, ಫ್ಯಾನಿನ ಪಿನ್ನು, ಎಳೆಯುವ ಹಗ್ಗ, ಇಕ್ಕಳ, ಸ್ಕ್ರೂಡ್ರೈವರ್, ತೆಳು ತಂತಿ, ಒಣಬಟ್ಟೆ. ಇಷ್ಟೂ ಒಂದು ಮುಚ್ಚಳದ ಡಬ್ಬಿಯಲ್ಲಿ ಹಿಡಿಯುತ್ತದೆ. ಜೊತೆಗೆ ಲಂಗರು, ಉದ್ದದ ಹಗ್ಗ, ಎರಡು ಹುಟ್ಟು, ಟಾರ್ಚು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಮೊಬೈಲ್ ಮತ್ತು ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್. ಎಂಜಿನ್ ಕೊಂಡ ಮೇಲೆ ಹುಟ್ಟನ್ನು ಮನೆಯಲ್ಲಿ ಬಿಟ್ಟು ಹೋಗುವವರಿದ್ದಾರೆ. ಅಳಿವೆಯಲ್ಲಿ ಎಂಜಿನ್ ನಿಂತಾಗ ದೋಣಿಯನ್ನು ತೆರೆಗೆ ಎದುರಾಗಿಸಲು ಉಳಿಯುವುದು ಹುಟ್ಟು ಮಾತ್ರ.

ಮೀನುಗಾರರಿರುವ ವಾಳೆಗಳಲ್ಲಿ ಮೇ ತಿಂಗಳ ಒಂದು ಭಾನುವಾರ ಪೂಜೆಯ ನಂತರ ಊರಿನ ಮೆಕ್ಯಾನಿಕ್‌ರೊಬ್ಬರನ್ನು ಕರೆಸಿ ಎಲ್ಲರ ಎಂಜಿನ್‌ಗಳನ್ನು ಒಟ್ಟಿಗೆ ಡ್ರಮ್ಮಿನಲ್ಲಿ ಓಡಿಸಿ ನೋಡುವ ವ್ಯವಸ್ಥೆಯನ್ನು ಗುರಿಕಾರರೂ ಯುವಕರೂ ಸೇರಿ ಮಾಡಬಹುದು. ಖರ್ಚು ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಇಂಪೆಲ್ಲರ್, ಪ್ಲಗ್, ಗೇರಿನ ಎಣ್ಣೆ ಮೂರನ್ನೂ ಸೇರಿಸಿದರೂ ಹೊಸ ಎಂಜಿನಿನ ಬೆಲೆಯ ಸಣ್ಣ ಪಾಲು. ಜೂನ್ ಒಂದರ ಮೊದಲು ಆ ಕೆಲಸ ಮುಗಿದಿರಲಿ.